ಹೊಂಗೆ ತೋಪಿನಲ್ಲಿ ಒಳಮನೆ ಫೋಟೊ

ಯಾರಿಗಾದರೂ ನಾಚಿಕೆಯಾಯಿತೋ ಇಲ್ಲವೋ ಎಂದು ತಿಳಿಯಲು ನಮ್ಮೂರಿನವರು ಮುಖ ನೋಡುವುದಿಲ್ಲ, ತಲೆಯೆತ್ತಿ ಮರ ನೋಡುತ್ತಾರೆ. ಕೆಳಗೆ ನಿಂತವರಿಗೆ ನಾಚಿಕೆಯೋ ಮುಜುಗರವೋ ಅವಮಾನವೋ ಆದರೆ ಮೇಲಿನ ಎಲೆಗಳು ಮಡಚಿಕೊಳ್ಳುತ್ತವೆ, ನೆರಳು ಹೋಗಿ ನೆತ್ತಿಗೆ ಬಿಸಿಲು ಬೀಳುತ್ತದೆ. ಆದ್ದರಿಂದ ಹೆಣ್ಣು ನೋಡಲು ಬಂದವರನ್ನು ನಾವು ಹಿತ್ತಿಲ ಬೇವಿನ ಮರದಡಿ ಕೂರಿಸುವುದಿಲ್ಲ. ಶಾಲೆಯಲ್ಲಿ ಮಕ್ಕಳ ಅಂಕ ಓದುವುದು ಬಾಗಿಲು ಹಾಕಿದ ಕೋಣೆಯಲ್ಲಿ. ಬಸ್ ಸ್ಟ್ಯಾಂಡಿನ ಆಲದ ಮರದ ಕೆಳಗೆ ವರ್ಷವಿಡೀ ತಂಪಾಗಿ ಕೂರುವವರು ನಮ್ಮ ಪುರಸಭೆ ಸದಸ್ಯರೊಬ್ಬರೇ. ಅವರು ಏನೇ ಮಾಡಿ ಬಂದು ಕೂತರೂ ಆ ಮರದ ಒಂದು ಎಲೆ ಮಡಚಿದ್ದನ್ನು ಕಂಡವರಿಲ್ಲ. ಮಿಕ್ಕವರೆಲ್ಲ ಕೊಡೆ ಹಿಡಿದು ಓಡಾಡುತ್ತೇವೆ. ಹಾಗಾಗಿ ನಮ್ಮ ಕೊಡೆ ಅಂಗಡಿ ಮಳೆಗಾಲ, ಬೇಸಿಗೆ ಎನ್ನದೆ ಚೆನ್ನಾಗಿ ನಡೆಯುತ್ತದೆ.

ಅಂಗಡಿ ನಮ್ಮವರದು. ಊರಿಗೆ ಅವರು ಕೊಡೆ ಶಂಭಣ್ಣ, ನಾನು ಅಂಬುಜಕ್ಕ, ಬೆನ್ನ ಹಿಂದೆ ಬಿಸಿಲಕ್ಕ. ಮದುವೆಯಾದ ಎರಡನೇ ವರ್ಷ ನನ್ನ ಬಲಗೈ ಬೆರಳ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ ಕಾಣಿಸಿತು. ಆಮೇಲೆ ಅದು ಮೊಣಕೈ, ಕುತ್ತಿಗೆ, ತುಟಿ ಅಂತ ತನ್ನ ಪಾಡಿಗೆ ತಿರುಗಾಡಿಕೊಂಡು ಈಗ ನಲವತ್ತೆಂಟರ ಹೊತ್ತಿಗೆ ನನ್ನನ್ನು ಹೆಚ್ಚುಕಡಿಮೆ ಪೂರ್ತಿ ಬೆಳ್ಳಗೆ ಮಾಡಿದೆ. ತೊನ್ನಿಗೆ ನೋವಿಲ್ಲ, ಜ್ವರವಿಲ್ಲ, ಅದು ಯಾರಿಗೂ ಅಂಟುವುದೂ ಇಲ್ಲ. ಆದರೆ ನಾನು ಮನೆಯಿಂದ ಹೊರಟರೆ ಸಾಕು, ದಾರಿಯ ಮರಗಳೆಲ್ಲ ಮುದುಡುತ್ತಿದ್ದವು. ತರಕಾರಿಯವರು ನನ್ನನ್ನು ಕಂಡ ಕೂಡಲೇ ಬಿಸಿಲಿಗೆ ಬಾಡೀತೆಂದು ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದರು. ಪಾಪ, ನಮ್ಮವರು ಒಂದು ದಿನವೂ ನನ್ನನ್ನು ಒಬ್ಬಳೇ ಕಳಿಸಿದವರಲ್ಲ. ಅಂಗಡಿಯ ಅತಿ ದೊಡ್ಡ ಕಪ್ಪು ಕೊಡೆ ಬಿಚ್ಚಿ, ಇಬ್ಬರ ತಲೆಯ ಮೇಲೂ ತಗ್ಗಿಸಿ ಹಿಡಿದು, ಪಕ್ಕದಲ್ಲೇ ನಡೆಯುತ್ತಿದ್ದರು. "ಬಿಸಿಲು ಕಣೇ, ನಿನ್ನ ಮೈಗೆ ಆಗಲ್ಲ" ಅನ್ನುತ್ತಿದ್ದರು. ಅವರ ತಂಗಿಯ ಮದುವೆಯಲ್ಲಿ ಇದೇ ಮಾತು ಹೇಳಿ ನನ್ನನ್ನು ಉಗ್ರಾಣದೊಳಗೆ ಕೂರಿಸಿದ್ದರು. ಧಾರೆಯ ಹೊತ್ತಿನ ವಾಲಗವನ್ನು ನಾನು ತೆಂಗಿನಕಾಯಿ ರಾಶಿಯ ಪಕ್ಕ ಕೂತು ಕೇಳಿದೆ. "ಎಂಥ ಗಂಡ ಸಿಕ್ಕಿದಾನೆ ನಿಂಗೆ!" ಎಂದು ಹೆಂಗಸರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ನನಗೂ ಹಾಗೇ ಅನಿಸುತ್ತಿತ್ತು. ಇಂಥ ನಾಚಿಕೆಬುರುಕಿಯನ್ನು ಕಟ್ಟಿಕೊಂಡು ಬೇಸರವಿಲ್ಲದೆ ಕೊಡೆ ಹಿಡಿಯುವವರು ಎಷ್ಟು ಜನ ಇದ್ದಾರು?

ಹೋದ ದೀಪಾವಳಿಯ ಆಸುಪಾಸಿನಲ್ಲಿ ಚರ್ಮದ ಡಾಕ್ಟರು ನನ್ನ ಬೆನ್ನು ನೋಡಿ, "ಇಲ್ಲಿ, ಭುಜದ ಕೆಳಗೆ ಒಂದು ಅಂಗೈಯಷ್ಟು ಜಾಗದಲ್ಲಿ ನಿಮ್ಮ ಹುಟ್ಟಿದ ಬಣ್ಣ ಉಳ್ಕೊಂಡಿದೆಯಮ್ಮ. ಅಂಚು ಕರಗ್ತಾ ಇದೆ. ಬರೋ ಬೇಸಿಗೆ ಹೊತ್ತಿಗೆ ಅದೂ ಇರಲಿಕ್ಕಿಲ್ಲ" ಎಂದರು. ಸಮಾಧಾನಕ್ಕೆ ಹೇಳಿದರೋ ಎಚ್ಚರಿಕೆಗೋ ತಿಳಿಯಲಿಲ್ಲ. ಮನೆಗೆ ಬಂದು ಎರಡು ಕನ್ನಡಿ ಹಿಡಿದು ಕತ್ತು ಉಳುಕುವ ತನಕ ತಿರುಗಿಸಿದೆ. ಮಸುಕಾಗಿ ಒಂದು ಅಂಚು ಕಂಡಂತಾಯಿತು, ಅಷ್ಟೇ. ಮದುವೆ ಫೋಟೊ ತೆಗೆದು ನೋಡಿದೆ. ನಮ್ಮ ಕಾಲದ ಫೋಟೊಗಳೆಲ್ಲ ಕಪ್ಪು ಬಿಳುಪು. ನಾನು ಯಾವ ಬಣ್ಣದವಳಾಗಿದ್ದೆ ಎನ್ನುವುದಕ್ಕೆ ನನ್ನ ಬಳಿ ಒಂದು ಚೂರು ಸಾಕ್ಷಿಯಿಲ್ಲ ಎಂದು ಹೊಳೆದದ್ದು ಆಗ. ಅಂದು ಬಹಳ ಅತ್ತೆ. ಅಳು ನಿಂತ ಮೇಲೆ ದಿಲ್‌ಶಾದಳ ಸ್ಟುಡಿಯೋಗೆ ಹೋದೆ. ಬಾಗಿಲ ತನಕ ಕೊಡೆ ಹಿಡಿದು ಬಂದು ಬಿಟ್ಟುಹೋದರು ನಮ್ಮವರು.

ದಿಲ್‌ಶಾದ್ ಗಂಡ ತೀರಿಕೊಂಡ ಮೇಲೆ ಪೇಟೆ ಬೀದಿಯ ಸ್ಟುಡಿಯೋ ನಡೆಸುತ್ತಿರುವ ಹೆಂಗಸು. ಎಲ್ಲರ ಎದುರಿಗೆ ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು. ಗುಟ್ಟಾಗಿ ಅವಳು ತೆಗೆಯುವುದು ಒಳಮನೆ ಫೋಟೊ. ಮಲಗುವ ಕೋಣೆಯಲ್ಲಿ ಇರುವ ಹಾಗೆ, ಜಡೆ ಬಿಚ್ಚಿ, ಸೆರಗು ಸಡಿಲಿಸಿ, ದಿಂಬಿಗೆ ಒರಗಿ ತೆಗೆಸಿಕೊಳ್ಳುವ ಫೋಟೊ. ಇಂಥವು ನಮ್ಮೂರಿನ ಎಷ್ಟೋ ಟ್ರಂಕುಗಳಲ್ಲಿ ರೇಷ್ಮೆ ಸೀರೆಯ ಅಡಿಯಲ್ಲಿವೆ. ಕೆಲವರು ಗಂಡನಿಗೆಂದು ತೆಗೆಸುತ್ತಾರೆ, ಕೆಲವರು ಗಂಡನಿಗೆ ತಿಳಿಯದ ಹಾಗೆ ತೆಗೆಸುತ್ತಾರೆ. ನನ್ನ ಬೇಡಿಕೆ ಕೇಳಿ ಅವಳು ನಗಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ನನ್ನ ರವಿಕೆಯನ್ನು ಹಿಂದಿನಿಂದ ತಗ್ಗಿಸಿ ನೋಡಿ, ಟ್ಯೂಬ್‌ಲೈಟ್ ಹಾಕಿ ನೋಡಿ, ಆರಿಸಿ ನೋಡಿ, ತಲೆಯಾಡಿಸಿದಳು.

"ಇಲ್ಲಿ ಆಗಲ್ಲ ಅಂಬುಜಕ್ಕ. ಈ ಲೈಟಲ್ಲಿ ಆ ಬಣ್ಣ ಸತ್ತು ಹೋಗುತ್ತೆ. ಸೂರ್ಯನ ಬೆಳಕೇ ಬೇಕು."

"ಸೂರ್ಯನ ಬೆಳಕು ಅಂದ್ರೆ ಬಯಲಲ್ಲಾ?"

"ಕಾಲುವೆ ಆಚೆ ಹೊಂಗೆ ತೋಪು ಇದೆಯಲ್ಲ. ಎಲೆ ದಟ್ಟ, ಕೊಂಬೆ ನೆಲಕ್ಕೆ ತಾಗುತ್ತೆ. ಏರಿ ಮೇಲೆ ಹೋಗೋರಿಗೆ ಒಳಗೆ ಆನೆ ಇದ್ರೂ ಕಾಣಲ್ಲ. ಒಂದು ಕಡೆಯಿಂದ ಸಂದಿಯಲ್ಲಿ ಬಿಸಿಲು ಬೀಳುತ್ತೆ, ನಂಗೆ ಅಷ್ಟು ಸಾಕು."

ನಾನು ಅವಳ ಮುಖ ನೋಡಿದೆ. ಅವಳಿಗೂ ಅರ್ಥವಾಯಿತು. ಆ ತೋಪಿನಲ್ಲಿ ನನ್ನನ್ನು ಮರೆಮಾಡುವುದು ಎಲೆಗಳು. ಬೆನ್ನು ಬಿಟ್ಟು ಕೂತಾಗ ನನಗೆ ನಾಚಿಕೆಯಾದರೆ ಎಲೆಗಳು ಮಡಚಿ ಮುಚ್ಚಿಕೊಳ್ಳುತ್ತವೆ. ಮುಚ್ಚಿದರೆ ಏರಿಯ ಮೇಲೆ ಹೋಗುವ ಸಂತೆಯವರಿಂದ ಹಿಡಿದು ಗಿರಣಿ ಕೆಲಸದವರ ತನಕ ಎಲ್ಲರಿಗೂ ನಾನು ಕಾಣುತ್ತೇನೆ. ಆಗ ಇನ್ನಷ್ಟು ನಾಚಿಕೆ, ಇನ್ನಷ್ಟು ಎಲೆ ಮಡಚುವುದು. ಬಿಸಿಲಕ್ಕ ಎಂಬ ಹೆಸರಿಗೇ ಇಷ್ಟು ವರ್ಷ ಕೊರಗಿದವಳು, ಆಮೇಲೆ ಅವರು ಇಡುವ ಹೆಸರನ್ನು ಹೊತ್ತುಕೊಂಡು ಎಲ್ಲಿಗೆ ಹೋಗಲಿ?

"ನಾಚಿಕೆ ಆಗದ ಹಾಗೆ ಅಭ್ಯಾಸ ಮಾಡ್ಕೊಳ್ಳಿ" ಎಂದಳು ದಿಲ್‌ಶಾದ್, ಸೈಕಲ್ ಕಲಿತುಕೊಳ್ಳಿ ಎಂಬಷ್ಟು ಸಲೀಸಾಗಿ. "ಎಲ್ಲರೂ ಹಂಗೇ ಮಾಡೋದು. ಕುಂಡದ ಗಿಡ ಮುಂದಿಟ್ಕೊಂಡು."

ಅಭ್ಯಾಸ ಶುರುವಾಯಿತು. ನಮ್ಮವರು ಅಂಗಡಿಗೆ ಹೋದ ಮೇಲೆ ದಾಸವಾಳದ ಕುಂಡವನ್ನು ಕೋಣೆಗೆ ತಂದು, ಬಾಗಿಲು ಹಾಕಿ, ರವಿಕೆ ತೆಗೆದು, ಗಿಡಕ್ಕೆ ಬೆನ್ನು ಮಾಡಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲನೆ ತಿರುಗಿ ನೋಡಿದರೆ ಒಂದು ಎಲೆಯೂ ಮಡಚಿರಲಿಲ್ಲ. ನನಗೆ ನಂಬಿಕೆ ಬರಲಿಲ್ಲ. ಮಾರನೇ ದಿನ ಸೀರೆಯನ್ನೂ ಸಡಿಲಿಸಿ ಕೂತೆ. ಗಿಡ ಅರಳಿಕೊಂಡೇ ಇತ್ತು, ಮೇಲಾಗಿ ಒಂದು ಮೊಗ್ಗು ಬಿಟ್ಟಿತ್ತು. ಗಿಡಕ್ಕೆ ರೋಗ ಬಂದಿರಬೇಕೆಂದು ದಿಲ್‌ಶಾದಳ ಮನೆಯಿಂದ ಕನಕಾಂಬರದ ಕುಂಡ ತರಿಸಿಕೊಂಡೆ. ಅದೂ ಸುಮ್ಮನಿತ್ತು. ಅದೇ ಸಂಜೆ ಎರಡೂ ಕುಂಡಗಳನ್ನು ನಡುಮನೆ ದಾಟಿಸಿ ಹಿತ್ತಿಲಿಗೆ ಒಯ್ಯುವಾಗ, ಅಲ್ಲಿ ಪೇಪರ್ ಓದುತ್ತ ಕೂತಿದ್ದ ನಮ್ಮವರು ತಲೆಯೆತ್ತಿ ನೋಡಿದರು. ತಕ್ಷಣ ಎರಡು ಗಿಡಗಳೂ ಎಲೆ ಮುದುಡಿಕೊಂಡವು. ಸದ್ಯ, ಗಿಡಕ್ಕೆ ರೋಗವಿಲ್ಲ ಎಂದುಕೊಂಡೆ. ಗಂಡನ ಮುಂದೆ ಸೀರೆ ಉಟ್ಟು ನಿಂತಾಗಲೇ ಇಷ್ಟು ನಾಚಿಕೆಪಡುವವಳು ಬಯಲಿನಲ್ಲಿ ಏನು ಮಾಡಿಯಾಳು ಎಂದು ಹೆದರಿದೆ.

ದಿಲ್‌ಶಾದಳದು ಬೇರೆಯೇ ಚಿಂತೆ. ಹಿಂದಿನ ದಿನ ಬಿಗಿಯಾದದ್ದು ಏನೂ ತೊಡಬಾರದು, ಬೆನ್ನ ಮೇಲೆ ಪಟ್ಟಿಯ ಗೆರೆ ಉಳಿಯುತ್ತದೆ. ಎಣ್ಣೆ ಸವರಬಾರದು, ಮೈ ಹೊಳೆದು ಬಣ್ಣ ತಿಳಿಯುವುದಿಲ್ಲ. ಅರಿಶಿನ ಹತ್ತಿರ ಸುಳಿಯಬಾರದು. ಕೆಂಪು ಸೀರೆ ಬೇಡ, ಅದರ ಕೆಂಪು ಚರ್ಮಕ್ಕೆ ಹೊಡೆಯುತ್ತದೆ. ನಾನು ಟ್ರಂಕಿನಲ್ಲಿದ್ದುದನ್ನೆಲ್ಲ ಹಾಸಿಗೆಯ ಮೇಲೆ ಸುರಿದುಕೊಂಡು ಕೂತೆ. ನನ್ನ ರವಿಕೆಗಳೆಲ್ಲ ಕುತ್ತಿಗೆ ತನಕ ಗುಂಡಿ, ಮಣಿಕಟ್ಟಿನ ತನಕ ತೋಳು. ಕೊನೆಗೆ ಮದುವೆಯಾದ ಹೊಸತರಲ್ಲಿ ಉಡುತ್ತಿದ್ದ ಬೂದು ಬಣ್ಣದ ನೂಲಿನ ಸೀರೆ ಸಿಕ್ಕಿತು. ಮೆತ್ತಗಾಗಿ ಹೂವಿನ ಹಾಗಿತ್ತು. ಅದನ್ನು ಎದೆಗವಚಿಕೊಂಡಾಗ ಮೊದಲ ಸಲ ಈ ಕೆಲಸದ ಬಗ್ಗೆ ಭಯದ ಜೊತೆಗೆ ಒಂದಿಷ್ಟು ಆಸೆಯೂ ಆಯಿತು. ಚೆನ್ನಾಗಿ ಕಾಣಬೇಕು ಎಂಬ ಆಸೆ. ಆ ವಯಸ್ಸಿನಲ್ಲಿ ಅದನ್ನು ಯಾರಿಗೆ ಹೇಳುವುದು?

ಇನ್ನೊಂದು ಹೆದರಿಕೆಯಿತ್ತು. ಕಲರ್ ಫಿಲ್ಮ್ ರೋಲನ್ನು ತೊಳೆಯಲು ಬೇರೆ ಊರಿಗೆ ಕಳಿಸಬೇಕು. "ಅಲ್ಲಿ ಗಂಡಸರು ಇರ್ತಾರಲ್ಲೇ" ಎಂದೆ. "ನಾನೇ ಒಯ್ದು, ಅವರ ತಲೆ ಮೇಲೆ ಕೂತು ತೊಳಿಸ್ಕೊಂಡು ಬರ್ತೀನಿ. ನೆಗೆಟಿವ್ ನಿಮ್ಮ ಕೈಗೆ. ನನ್ನಾಣೆ" ಎಂದಳು. ಅವಳು ಆಣೆ ಇಟ್ಟ ಮೇಲೂ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಊದಿದರೆ ಫೋಟೊ ಕೆಡುತ್ತದೆ ಎಂದು ಅವಳು ಹೇಳಿದ್ದಕ್ಕೆ ನಿದ್ದೆ ಬಾರದ್ದೇ ಒಂದು ದಿಗಿಲಾಯಿತು.

ಒಳಮನೆ ಫೋಟೊಗೆ ಹಾಸಿಗೆ ಬೇಕಲ್ಲ. ನಮ್ಮೂರಿನಲ್ಲಿ ಹೆಂಗಸರು ಜಮಖಾನ, ಹಾಸಿಗೆ ಬಟ್ಟೆಗಳನ್ನು ಕಾಲುವೆಗೆ ಒಯ್ದು ಒಗೆಯುವುದು ವಾಡಿಕೆ. ಗೊತ್ತುಮಾಡಿದ ದಿನ ಬೆಳಿಗ್ಗೆ ನಮ್ಮವರು ಅಂಗಡಿಗೆ ಹೋದ ಮೇಲೆ ದಿಲ್‌ಶಾದ್, ನಾನು ಇಬ್ಬರೂ ಕೈಗಾಡಿಯಲ್ಲಿ ಹಾಸಿಗೆ, ಎರಡು ದಿಂಬು, ಜಮಖಾನ ಹೇರಿಕೊಂಡು, ಮೇಲೆ ಒಂದು ಬಾರ್ ಸೋಪು ಎದ್ದು ಕಾಣುವ ಹಾಗೆ ಇಟ್ಟುಕೊಂಡು ಹೊರಟೆವು. ಕ್ಯಾಮೆರಾ ದಿಂಬಿನ ಚೀಲದೊಳಗೆ. ಪಕ್ಕದ ಮನೆ ಚೆನ್ನಾಜಮ್ಮ ಬಾಗಿಲಲ್ಲೇ ನಿಂತಿದ್ದರು. "ಏನ್ ಅಂಬುಜ, ಹಾಸ್ಗೇನೂ ಒಗೀತೀಯಾ?" ಎಂದು ಕೇಳಿದರು. ಹತ್ತಿಯ ಹಾಸಿಗೆಯನ್ನು ಯಾರೂ ಒಗೆಯುವುದಿಲ್ಲ ಎಂದು ಆಗ ನೆನಪಾಯಿತು. "ತಿಗಣೆ" ಎಂದು ಬಾಯಿಗೆ ಬಂದದ್ದು ಹೇಳಿ ಗಾಡಿ ತಳ್ಳಿದೆ. ಗಾಬರಿಯಲ್ಲಿ ಕೊಡೆ ಮನೆಯ ಗೂಟದಲ್ಲೇ ಉಳಿಯಿತು. ಅದು ನೆನಪಾದದ್ದು ಕಾಲುವೆ ದಾಟಿದ ಮೇಲೆ. ದಾರಿಯುದ್ದಕ್ಕೂ ನಾವು ನೆರಳಿನಲ್ಲೇ ಬಂದಿದ್ದೆವು. ಅದು ವಿಚಿತ್ರ ಎಂದು ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ.

ತೋಪಿನ ನಡುವೆ ಜಮಖಾನ ಹಾಸಿ, ಇರುವೆ ಬರದಂತೆ ಸುತ್ತ ಸೀಮೆಸುಣ್ಣದ ಮದ್ದು ಗೀಚಿ, ಹಾಸಿಗೆ ಬಿಡಿಸಿದೆವು. ಏರಿಯ ಮೇಲಿಂದ ಸೈಕಲ್ ಗಂಟೆ, ಎತ್ತಿನ ಕೊರಳ ಗಂಟೆ, ಯಾರೋ ಯಾರನ್ನೋ ಬೈಯುವುದು ಎಲ್ಲ ಕೇಳುತ್ತಿತ್ತು. ಒಬ್ಬರೂ ಕಾಣುತ್ತಿರಲಿಲ್ಲ. ಅಷ್ಟು ಎಲೆ. ನಾನು ಮರದ ಹಿಂದೆ ಹೋಗಿ ರವಿಕೆ ತೆಗೆದು, ಬೂದು ಸೀರೆಯನ್ನು ಎದೆಗೆ ಸುತ್ತಿಕೊಂಡು, ಕೂದಲು ಮುಂದಕ್ಕೆ ಹಾಕಿಕೊಂಡು ಬಂದೆ. ದಿಂಬಿಗೆ ಒರಗಿ ಬೆನ್ನು ತಿರುಗಿಸಿ ಕೂತು, ಇನ್ನು ಎಲೆಗಳು ಮುಚ್ಚುತ್ತವೆ, ಈಗ ಮುಚ್ಚುತ್ತವೆ ಎಂದು ಕಣ್ಣು ಬಿಗಿದುಕೊಂಡೆ. ಬೆನ್ನ ಮೇಲೆ ತಂಪು ಗಾಳಿ ಆಡಿತು. ಬೆನ್ನಿಗೆ ಗಾಳಿ ತಾಗಿ ಎಷ್ಟು ವರ್ಷವಾಗಿತ್ತೋ ಏನೋ, ಒಮ್ಮೆಲೇ ಮೈಯೆಲ್ಲ ಹಗುರಾಯಿತು.

"ಛೆ" ಎಂದಳು ದಿಲ್‌ಶಾದ್.

"ಏನಾಯ್ತೇ? ಮುಚ್ಕೊಂಡ್ವಾ?"

"ಮುಚ್ಕೊಂಡಿದ್ರೆ ಒಳ್ಳೇದಿತ್ತು. ಹೊಸ ಚಿಗುರು ಬಂದು ಆ ಸಂದಿ ತುಂಬ್ಕೊಂಡಿದೆ ಅಕ್ಕ. ಹೋದ ವಾರ ನೋಡಿದಾಗ ಬಿಸಿಲು ಬೀಳ್ತಿತ್ತು. ಈಗ ಇಲ್ಲಿ ಬರೀ ಕತ್ತಲೆ. ಈ ಬೆಳಕಲ್ಲಿ ತೆಗೆದ್ರೆ ನಿಮ್ಮ ಬೆನ್ನು ಪೂರ್ತಿ ಬೂದಿ ಬಣ್ಣ ಬರುತ್ತೆ." ಅವಳು ಸುತ್ತ ನೋಡಿ, ಅಡ್ಡವಾದ ಕೊಂಬೆಯನ್ನು ಎಳೆದು ನೋಡಿ, ಸೋತು ನಿಂತಳು. ಆಮೇಲೆ ಕಿಸಕ್ಕನೆ ನಕ್ಕಳು. "ಒಂದು ಕೆಲಸ ಮಾಡಿ. ಸ್ವಲ್ಪ ನಾಚ್ಕೊಳ್ಳಿ. ಜಾಸ್ತಿ ಬೇಡ, ಒಂದು ಕೊಂಬೆಯಷ್ಟು."

ನಾನೂ ನಕ್ಕೆ. ಊರಿಗೆಲ್ಲ ಬಿಸಿಲು ಹಂಚಿದವಳಿಗೆ ಇದೇನು ದೊಡ್ಡ ಕೆಲಸ? ನನ್ನ ತೋಳು ನೋಡಿಕೊಂಡೆ, ಬಿಳಿ ತೊಡೆ ನೋಡಿಕೊಂಡೆ, ಈ ವಯಸ್ಸಿನಲ್ಲಿ ತೋಪಿನೊಳಗೆ ಅರೆಬೆತ್ತಲೆ ಕೂತಿದ್ದೀಯಲ್ಲೇ ಎಂದು ನನಗೆ ನಾನೇ ಬೈದುಕೊಂಡೆ. ಚೆನ್ನಾಜಮ್ಮನ ಮುಖ ನೆನೆಸಿಕೊಂಡೆ. ಭಯವಾಯಿತು, ನಗು ಬಂತು, ನಾಚಿಕೆ ಮಾತ್ರ ಬರಲಿಲ್ಲ. ಮೇಲೆ ಒಂದು ಎಲೆ ಅಲುಗಲಿಲ್ಲ. "ಆಗ್ತಿಲ್ಲ ಕಣೇ" ಎಂದೆ. ಹೇಳುವಾಗ ನನಗೇ ಆಶ್ಚರ್ಯವಾಯಿತು. ಇಪ್ಪತ್ತಾರು ವರ್ಷ ನನ್ನಲ್ಲಿದೆ ಎಂದುಕೊಂಡಿದ್ದ ವಸ್ತು, ಬೇಕೆಂದು ತಡಕಾಡಿದರೆ ಎಲ್ಲೂ ಇಲ್ಲ.

ಆಗ ಏರಿಯ ಕಡೆಯ ಕೊಂಬೆಗಳಲ್ಲಿ ಸರಸರ ಸದ್ದಾಯಿತು. ತಿರುಗಿ ನೋಡಿದೆವು. ತೋಪಿನ ಅಂಚಿನ ಮರ ಎಲೆ ಮಡಚಿತು. ಆಮೇಲೆ ಅದರ ಪಕ್ಕದ್ದು. ಬಿಸಿಲು ಮರದಿಂದ ಮರಕ್ಕೆ ನಮ್ಮತ್ತ ನಡೆದು ಬರುತ್ತಿತ್ತು. ಅದರ ನಡುವೆ ದೊಡ್ಡ ಕಪ್ಪು ಕೊಡೆ, ಕೊಡೆಯ ಕೆಳಗೆ ನಮ್ಮವರು, ಕಂಕುಳಲ್ಲಿ ನಾನು ಮರೆತು ಬಂದ ಇನ್ನೊಂದು ಕೊಡೆ. ದಿಲ್‌ಶಾದ್ ನನ್ನ ಮುಂದೆ ಅಡ್ಡ ನಿಂತಳು. ನನ್ನ ತಲೆಯ ಮೇಲೆ ನೋಡಿದಳು, ಅವರ ತಲೆಯ ಮೇಲೆ ನೋಡಿದಳು.

"ಅಂಬುಜಕ್ಕ, ನಿಮ್ಮ ಮರದ ಎಲೆ ಬಿಚ್ಕೊಂಡೇ ಇದೆ" ಎಂದಳು ಮೆಲ್ಲಗೆ. "ಅವರು ಬಂದ ದಾರಿಯ ಎಲೆ ಮಾತ್ರ ಮುಚ್ತಿರೋದು."

ನಾನು ಮೇಲೆ ನೋಡಿದೆ. ನಿಜ. ನನ್ನ ಮೇಲೆ ಹಸಿರು ಚಪ್ಪರ ಹಾಗೇ ಇತ್ತು.

"ಏನೇ ಇದು?" ಎಂದರು ನಮ್ಮವರು. ಹಾಸಿಗೆ, ದಿಂಬು, ಕ್ಯಾಮೆರಾ, ನನ್ನ ಭುಜ ಎಲ್ಲದರ ಮೇಲೂ ಕಣ್ಣಾಡಿಸಿ ಕೊಡೆಯನ್ನು ಇನ್ನೂ ತಗ್ಗಿಸಿಕೊಂಡರು. "ನೀನು ಕೊಡೆ ಬಿಟ್ಟು ಬಂದಿದ್ದೆ, ಕೊಡೋಣ ಅಂತ ಗಾಡಿ ಜಾಡು ಹಿಡಿದು ಬಂದೆ. ಚೆನ್ನಾಜಮ್ಮ ತಿಗಣೆ ಅಂದ್ರು. ಇಲ್ಲಿ ನೋಡಿದ್ರೆ... ಯಾರಾದ್ರೂ ನೋಡಿದ್ರೆ ಏನ್ ಗತಿ? ಹೊದ್ಕೋ, ಬಾ ಮನೆಗೆ." ಅವರು ಮಾತಾಡುತ್ತಿದ್ದ ಹಾಗೆ ಅವರ ಮೇಲಿನ ಕೊಂಬೆ ಪೂರ್ತಿ ಬೋಳಾಯಿತು.

ದಾಸವಾಳ, ಕನಕಾಂಬರ, ಸೊಪ್ಪಿನ ಮೇಲಿನ ಗೋಣಿ, ತಗ್ಗಿಸಿ ಹಿಡಿದ ಕೊಡೆ ಎಲ್ಲವೂ ನನ್ನ ಕಣ್ಣ ಮುಂದೆ ಬಂದವು. ಪ್ರತಿ ಸಲವೂ ಅವರು ನನ್ನ ಪಕ್ಕದಲ್ಲಿದ್ದರು. ತಲೆಯೆತ್ತಿ ಮರ ನೋಡಲು ಆ ಕೊಡೆ ಒಂದು ದಿನವೂ ಬಿಟ್ಟಿರಲಿಲ್ಲ. ಸಿಟ್ಟು ಏರಿತು. ಅಳುವೂ ಬಂತು, ಆದರೆ ಅತ್ತರೆ ಕಣ್ಣು ಊದುತ್ತದೆ ಎಂದು ತಡೆದುಕೊಂಡೆ.

"ರೀ, ನಿಮಗೆ ಗೊತ್ತಿತ್ತಾ?" ಎಂದೆ.

"ಏನು?"

"ಮರ ಮುದುಡ್ತಿದ್ದಿದ್ದು ನಿಮ್ಮ ನಾಚಿಕೆಗೆ ಅಂತ. ನನ್ನದಕ್ಕಲ್ಲ ಅಂತ."

ಅವರ ಹಿಂದಿನ ಮರ ಮಡಚಿತು, ಅದರ ಹಿಂದಿನದೂ ಮಡಚಿತು. ಏರಿ ಕಾಣಿಸಿತು. ಅಲ್ಲಿ ಒಬ್ಬ ಸೈಕಲಿನವನು ಕಾಲೂರಿ ನಿಂತು ಬಗ್ಗಿ ನೋಡುತ್ತಿದ್ದ. ಸೆರಗು ಎಳೆದುಕೊಳ್ಳಲು ನನ್ನ ಕೈ ತಾನಾಗಿ ಹೋಯಿತು. ಅಷ್ಟರಲ್ಲಿ ದಿಲ್‌ಶಾದ್ ಕ್ಯಾಮೆರಾ ಎತ್ತಿ, "ಅಕ್ಕ, ಬೆಳಕು" ಎಂದಳು. ನೋಡಿದರೆ ನಮ್ಮವರ ಕಡೆಯಿಂದ ಒಂದು ಬಿಸಿಲಿನ ಕೋಲು ಓರೆಯಾಗಿ ಬಂದು ನನ್ನ ದಿಂಬಿನ ತುದಿಗೆ ಬಿದ್ದಿತ್ತು. ಇನ್ನೊಂದು ಮೊಳ ಬಂದರೆ ಬೆನ್ನು.

ಡಾಕ್ಟರು ಹೇಳಿದ ಬೇಸಿಗೆ ಇನ್ನು ದೂರವಿರಲಿಲ್ಲ. ನಾನು ಕೈ ಹಿಂದಕ್ಕೆ ತೆಗೆದೆ. ಸೈಕಲಿನವನು ನೋಡಿದರೆ ನೋಡಲಿ.

"ಆ ಕೊಡೆ ಮಡಚಿ" ಎಂದೆ. "ಮಡಚಿ ಎರಡು ಹೆಜ್ಜೆ ಹತ್ರ ಬನ್ನಿ."

ನನ್ನ ದನಿ ಅವರಿಗೆ ಹೊಸದಾಗಿತ್ತೇನೋ, ಮಡಚಿದರು. ಹತ್ತಿರ ಬಂದರು. ನನ್ನ ಮೇಲಿನ ಕೊಂಬೆಯ ಒಂದು ಮಗ್ಗುಲು ಮುಚ್ಚಿಕೊಂಡು ಬೆಚ್ಚಗಿನ ಬಿಸಿಲು ನನ್ನ ಬೆನ್ನಿಗೆ ಬಿತ್ತು. ಕ್ಯಾಮೆರಾ ಕ್ಲಿಕ್ ಎಂದಿತು. ಮತ್ತೆ ಎಂದಿತು. "ಯಾ ಅಲ್ಲಾ, ಎಂಥ ಬಣ್ಣ ಅಕ್ಕ ನಿಮ್ದು" ಎಂದಳು ದಿಲ್‌ಶಾದ್.

"ಯಾವ ಬಣ್ಣ ರೀ?" ಎಂದು ನಾನು ತಿರುಗದೆಯೇ ನಮ್ಮವರನ್ನು ಕೇಳಿದೆ. "ನೋಡಿ ಹೇಳಿ."

ಅವರು ಕೊಡೆಯನ್ನು ಕೆಳಗಿಟ್ಟ ಸದ್ದಾಯಿತು. ಆಮೇಲೆ ಅವರ ದನಿ ಕೇಳಿತು. "ಹುರಿದ ಕಡಲೆಕಾಯಿ ಬೀಜದ ಸಿಪ್ಪೆ ಇರುತ್ತಲ್ಲ, ಆ ಥರ. ಮದುವೆ ದಿನ ಹಂಗೇ ಇದ್ದೆ ನೀನು. ಮರೆತೇ ಹೋಗಿತ್ತು." ಅವರು ಇನ್ನೂ ಹತ್ತಿರ ಬಂದು ಬಗ್ಗಿ ನೋಡಿದರು. ಅವರ ಉಸಿರು ನನ್ನ ಭುಜಕ್ಕೆ ತಾಗಿತು. "ಚೆನ್ನಾಗಿದೆ ಕಣೇ" ಎಂದರು.

"ಅಯ್ಯೋ, ಬೆಳಕು ಹೋಗ್ತಿದೆ!" ಎಂದು ದಿಲ್‌ಶಾದ್ ಕೂಗಿದಳು.

ತಲೆಯೆತ್ತಿದೆ. ಅವರ ಮೇಲಿನ ಎಲೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ನೆರಳು ಮೆಲ್ಲಗೆ ನನ್ನ ಬೆನ್ನಿನ ಮೇಲೆ ಹರಿಯುತ್ತಿತ್ತು. ಮನಸ್ಸು ಕರಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನನಗೆ ಫೋಟೊ ಬೇಕಿತ್ತು, ಸಿಟ್ಟೂ ಇನ್ನೂ ಬಿಸಿಯಾಗಿತ್ತು.

"ರೀ" ಎಂದೆ, "ನಿಮ್ಮ ತಂಗಿ ಮದುವೇಲಿ ನನ್ನನ್ನ ಉಗ್ರಾಣದಲ್ಲಿ ಕೂರಿಸಿದ್ರಲ್ಲ, ಅವತ್ತು ಮಂಟಪದಲ್ಲಿ ನನ್ನ ಜಾಗದಲ್ಲಿ ಯಾರು ಕೂತಿದ್ರು?"

ಪಟಪಟನೆ ಎಲೆಗಳು ಮಡಚಿಕೊಂಡವು. ಬೆನ್ನು ತುಂಬ ಬಿಸಿಲು ಬಿತ್ತು.

"ಹಾಂ, ಹಂಗೇ ಇರಿ" ಎಂದಳು ದಿಲ್‌ಶಾದ್. ರೋಲಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅವರಿಗೆ ನೆನಪು ಮಾಡಿಕೊಡಬೇಕಾದದ್ದೂ ನನ್ನ ಬಳಿ ಬೇಕಾದಷ್ಟಿತ್ತು.